ಆಕಾಶದ ಲೆಕ್ಕ, ಖಾಡಿಯ ನೀರು

"ಇವತ್ತು ರಾತ್ರಿ ಹನ್ನೆರಡೂವರೆಯಿಂದ ಮೂರೂವರೆವರೆಗೆ ಮೊಬೈಲ್ ಆಫ್ ಮಾಡಿ ದೂರ ಇಡಿ. ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದು ಹೋಗಲಿವೆ. ಇದನ್ನು ನಿಮ್ಮವರಿಗೆಲ್ಲ ಕಳಿಸಿ." ಈ ಮೆಸೇಜ್ ನಿಮಗೂ ಬಂದಿರುತ್ತದೆ. ಕುಟುಂಬದ ಗ್ರೂಪಿನಲ್ಲೋ, ಜಮಾತಿನ ಗ್ರೂಪಿನಲ್ಲೋ, ಬಿಲ್ಡಿಂಗ್ ಸೊಸೈಟಿಯ ಗ್ರೂಪಿನಲ್ಲೋ ಎರಡು ಮೂರು ವರ್ಷಕ್ಕೊಮ್ಮೆ ಅದು ಪುನಃ ಪುನಃ ಹುಟ್ಟಿ ಬರುತ್ತದೆ. ಹೆದರಿ ಫೋನ್ ಆಫ್ ಮಾಡಿದವರೂ ಇದ್ದಾರೆ.

ನಿಜ ಹೇಳಬೇಕೆಂದರೆ ಕಾಸ್ಮಿಕ್ ಕಿರಣಗಳು ಇವತ್ತು ರಾತ್ರಿ ಮಾತ್ರ ಬರುವುದಲ್ಲ. ನೀವು ಇದನ್ನು ಓದುತ್ತಿರುವಾಗಲೂ ಅವುಗಳಿಂದ ಹುಟ್ಟಿದ ಮ್ಯೂಯಾನ್ ಎಂಬ ಕಣಗಳು ನಿಮ್ಮ ಅಂಗೈಯ ಮೂಲಕ ಸೆಕೆಂಡಿಗೆ ಸುಮಾರು ಒಂದರಂತೆ ಹಾದು ಹೋಗುತ್ತಿವೆ. ನಿಮ್ಮ ಅಜ್ಜನ ಅಂಗೈಯಲ್ಲೂ ಹಾಗೆಯೇ ಹಾದು ಹೋಗಿವೆ. ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ಕುಳಿತು ಇಂಥ ಕಣಗಳನ್ನು ವರ್ಷಗಟ್ಟಲೆ ಎಣಿಸಿದ ವಿಜ್ಞಾನಿಗಳು 1965ರಲ್ಲಿ ನ್ಯೂಟ್ರಿನೋಗಳನ್ನೂ ಪತ್ತೆ ಹಚ್ಚಿದರು. ಹೆದರಲಿಲ್ಲ, ಎಣಿಸಿದರು.

ಹಾಗಾದರೆ ಆಕಾಶದಿಂದ ಭೂಮಿಗೆ ಏನೂ ಆಗುವುದಿಲ್ಲವೇ? ಆಗುತ್ತದೆ, ದಿನಾಲೂ ಆಗುತ್ತದೆ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥವರ ಬಾಗಿಲಿಗೇ ಅದು ಬರುತ್ತದೆ. ಆದರೆ ಮೆಸೇಜಿನಲ್ಲಿ ಬರೆದ ದಾರಿಯಲ್ಲಿ ಅಲ್ಲ. ಅದಕ್ಕೆ ಮುಖ್ಯವಾಗಿ ಮೂರು ದಾರಿ: ಬೆಳಕು, ಸೆಳೆತ, ಕಾಂತತೆ. ಮೂರಕ್ಕೂ ಲೆಕ್ಕ ಉಂಟು. ಆ ಲೆಕ್ಕ ಗೊತ್ತಿಲ್ಲದವನು ಹೆದರಬೇಕಾಗಿಲ್ಲದ ಕಡೆ ಹೆದರುತ್ತಾನೆ, ಜಾಗ್ರತೆ ಮಾಡಬೇಕಾದ ಕಡೆ ನಿದ್ದೆ ಮಾಡುತ್ತಾನೆ.

ಬೆಳಕಿನ ದಾರಿ

ಸೂರ್ಯ ನಮ್ಮಿಂದ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ. ಅವನ ಬೆಳಕು ಇಲ್ಲಿಗೆ ತಲುಪಲು 8 ನಿಮಿಷ 20 ಸೆಕೆಂಡ್ ಬೇಕು. ನಮ್ಮ ಅನ್ನ, ಗಾಳಿ, ಮಳೆ ಎಲ್ಲದರ ಹಿಂದೆ ಇರುವುದು ಈ ಬೆಳಕೇ. ಭೂಮಿ ನೆಟ್ಟಗೆ ನಿಂತು ತಿರುಗುತ್ತಿಲ್ಲ, 23.4 ಡಿಗ್ರಿ ವಾಲಿಕೊಂಡು ತಿರುಗುತ್ತಿದೆ. ಈ ವಾಲುವಿಕೆಯಿಂದಲೇ ಬೇಸಿಗೆ, ಮಳೆ, ಚಳಿ.

ಇದನ್ನು ಪುಸ್ತಕ ನೋಡಿ ನಂಬಬೇಕಾಗಿಲ್ಲ. ಮೇ ತಿಂಗಳ ಮಧ್ಯಭಾಗದಲ್ಲಿ ಮಧ್ಯಾಹ್ನ, ಲುಹರ್ ಸಮಯ ಪ್ರವೇಶಿಸುವ ಸ್ವಲ್ಪ ಮೊದಲು, ನಿಮ್ಮ ಕಟ್ಟಡದ ಟೆರೇಸಿಗೆ ಹೋಗಿ ಒಂದು ಬಾಟಲಿ ನೆಟ್ಟಗೆ ಇಟ್ಟು ನೋಡಿ. ನೆರಳು ಬಾಟಲಿಯ ಬುಡದಲ್ಲೇ ಅಡಗಿರುತ್ತದೆ. ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಇದೇ ಜುಲೈ ಕೊನೆಯ ವಾರದಲ್ಲಿ ಮತ್ತೊಮ್ಮೆ ಆಗುತ್ತದೆ, ಆದರೆ ಆಗ ಮೋಡ ನೋಡಲು ಬಿಡುವುದಿಲ್ಲ. ಈ ಎರಡು ದಿನಗಳ ನಡುವೆ ಥಾಣೆ, ಕಲ್ಯಾಣಿನಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಊರಿಗೆ ಫೋನ್ ಮಾಡಿ ಕೇಳಿ, ಮಂಗಳೂರಿನಲ್ಲಿ ನೆರಳು ಮಾಯವಾಗುವ ದಿನ ಏಪ್ರಿಲ್ 24ರ ಆಸುಪಾಸಿನಲ್ಲೇ ಬಂದು ಹೋಗಿರುತ್ತದೆ. ಸೂರ್ಯ ದಕ್ಷಿಣದಿಂದ ಉತ್ತರಕ್ಕೆ ನಡೆದು ಬರುವ ಹಾಗೆ ಕಾಣುವುದು ಇದರಿಂದ ಸ್ಪಷ್ಟವಾಗುತ್ತದೆ.

ಹೀಗೆ ಸೂರ್ಯ ಉತ್ತರಕ್ಕೆ ಬಂದಾಗ ನೆಲ ಸಮುದ್ರಕ್ಕಿಂತ ಬೇಗ ಕಾಯುತ್ತದೆ. ಅರಬ್ಬೀ ಸಮುದ್ರದ ತೇವದ ಗಾಳಿ ನೆಲದ ಕಡೆ ನುಗ್ಗುತ್ತದೆ. ಅದು ಸಹ್ಯಾದ್ರಿಗೆ ತಾಗಿ ಮೇಲೇರಿ ಮಳೆಯಾಗುತ್ತದೆ. ಬದಲಾಪುರದ ಆಚೆಯ ಬೆಟ್ಟಗಳಲ್ಲಿ ಸುರಿದ ಆ ಮಳೆ ಉಲ್ಲಾಸ್ ನದಿಯಾಗಿ ಕಲ್ಯಾಣಿಗೆ ಇಳಿಯುತ್ತದೆ. ಅಂದರೆ ಜುಲೈಯಲ್ಲಿ ನಮ್ಮ ರಸ್ತೆಯಲ್ಲಿ ನಿಲ್ಲುವ ನೀರಿನ ಮೊದಲ ಕಾರಣ ಭೂಮಿಯ ವಾಲುವಿಕೆ. ನಮ್ಮ ರೈತರು ಆರಿದ್ರಾ, ಪುನರ್ವಸು ಎಂದು ಮಳೆಗೆ ನಕ್ಷತ್ರದ ಹೆಸರು ಇಟ್ಟದ್ದೂ ಸೂರ್ಯನ ಈ ನಡಿಗೆಯ ಲೆಕ್ಕದ ಮೇಲೆಯೇ.

ಸೆಳೆತದ ದಾರಿ

ಎರಡನೆಯದು ಚಂದ್ರನ ದಾರಿ. ನಮಗೆ ಅತಿ ಹತ್ತಿರದ್ದು ಇದೇ.

ಚಂದ್ರನ ಸೆಳೆತ ಭೂಮಿಯ ಎಲ್ಲ ಕಡೆ ಒಂದೇ ತರ ಇರುವುದಿಲ್ಲ. ಚಂದ್ರನಿಗೆ ಮುಖ ಮಾಡಿದ ಬದಿಯಲ್ಲಿ ಜಾಸ್ತಿ, ಹಿಂಬದಿಯಲ್ಲಿ ಕಡಿಮೆ. ಈ ಹೆಚ್ಚು ಕಡಿಮೆಯಿಂದ ಸಮುದ್ರ ಎರಡೂ ಬದಿಯಲ್ಲಿ ಸ್ವಲ್ಪ ಉಬ್ಬುತ್ತದೆ. ಭೂಮಿ ತಿರುಗುವಾಗ ನಮ್ಮ ಕರಾವಳಿ ಆ ಎರಡು ಉಬ್ಬುಗಳನ್ನೂ ದಾಟುತ್ತದೆ. ಅದಕ್ಕೇ ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಉಬ್ಬರ. ದಿನದಿಂದ ದಿನಕ್ಕೆ ಅದು ಸರಾಸರಿ 50 ನಿಮಿಷ ಮುಂದೆ ಹೋಗುತ್ತದೆ. ಸೂರ್ಯನೂ ಸೆಳೆಯುತ್ತಾನೆ, ಆದರೆ ಚಂದ್ರನ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಅಮಾವಾಸ್ಯೆ, ಹುಣ್ಣಿಮೆಗೆ ಮೂವರೂ ಒಂದೇ ಗೆರೆಯಲ್ಲಿ ಬರುವುದರಿಂದ ಇಬ್ಬರ ಸೆಳೆತ ಕೂಡುತ್ತದೆ, ದೊಡ್ಡ ಉಬ್ಬರ ಬರುತ್ತದೆ. ಅಷ್ಟಮಿಯ ಹೊತ್ತಿಗೆ ಒಬ್ಬರು ಅತ್ತ ಒಬ್ಬರು ಇತ್ತ ಎಳೆಯುವುದರಿಂದ ಸಣ್ಣ ಉಬ್ಬರ. ಇಲ್ಲಿನ ಮರಾಠಿಯಲ್ಲಿ ದೊಡ್ಡದಕ್ಕೆ ಉಧಾಣ, ಸಣ್ಣದಕ್ಕೆ ಭಾಂಗ ಅಂತಾರೆ.

ಇದು ಇವತ್ತಿನ ಜ್ಞಾನವಲ್ಲ. 11ನೆಯ ಶತಮಾನದಲ್ಲಿ ಭಾರತದ ಬಗ್ಗೆ ಗ್ರಂಥ ಬರೆದ ಅಲ್ ಬಿರೂನಿ, ಉಬ್ಬರ ಇಳಿತಕ್ಕಾಗಿ ಅದರಲ್ಲಿ ಒಂದು ಅಧ್ಯಾಯವನ್ನೇ ಇಟ್ಟಿದ್ದಾರೆ. ಇಲ್ಲಿನ ವಿದ್ಯಾವಂತರು ಚಂದ್ರನ ಉದಯ ಅಸ್ತಗಳನ್ನು ನೋಡಿ ನೀರಿನ ಏರಿಳಿತ ತಿಳಿಯುವುದನ್ನು ಅವರು ಗುರುತಿಸಿದ್ದರು.

ನಮ್ಮ ಮನೆಯ ಗೋಡೆಯಲ್ಲಿ ತೂಗುವ ಹಿಜರಿ ಕ್ಯಾಲೆಂಡರ್ ಒಂದು ಉಬ್ಬರದ ಪಟ್ಟಿಯೂ ಹೌದು ಎಂಬುದು ನಿಮಗೆ ಹೊಳೆದಿದೆಯೇ? ಚಂದ್ರದರ್ಶನ ಆಗುವುದು ಸಾಧಾರಣವಾಗಿ ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ. ದೊಡ್ಡ ಉಬ್ಬರವೂ ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೇ ಏರುವುದು. ಹಾಗಾಗಿ ತಿಂಗಳ ಮೊದಲ ಎರಡು ಮೂರು ದಿನ, ಆಮೇಲೆ 15ರಿಂದ 17ರ ಆಸುಪಾಸು ನೀರು ಜಾಸ್ತಿ. 8ರಿಂದ 10, ಮತ್ತು 22ರಿಂದ 24ರ ಹೊತ್ತಿಗೆ ಕಡಿಮೆ. ಮುಂಬಯಿ ಬಂದರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ದಿನ ಉಬ್ಬರ ತುಂಬುವುದು ಹಗಲು ಹನ್ನೆರಡು, ರಾತ್ರಿ ಹನ್ನೆರಡರ ಸುಮಾರಿಗೆ. ಥಾಣೆ ಖಾಡಿಯ ತುದಿಗೆ ತಲುಪುವಾಗ ಇನ್ನೂ ಸ್ವಲ್ಪ ತಡ. ಇಷ್ಟು ನೆನಪಿಟ್ಟರೆ ಅಂದಾಜಿಗೆ ಸಾಕು, ನಿಖರ ಸಮಯಕ್ಕೆ ಮುದ್ರಿತ ಪಟ್ಟಿ ನೋಡಬೇಕು. ಹಿಜರಿ ವರ್ಷಕ್ಕೆ 354 ದಿನವಾದ್ದರಿಂದ ಅದು ಮಳೆಗಾಲವನ್ನು ಹೇಳಲಾರದು. ಉಬ್ಬರಕ್ಕೆ ಚಂದ್ರನ ಲೆಕ್ಕ, ಮಳೆಗೆ ಸೂರ್ಯನ ಲೆಕ್ಕ. ಈ ಊರಿನಲ್ಲಿ ಬದುಕಲು ಎರಡೂ ಬೇಕು.

ಮಂಗಳೂರು, ಉಡುಪಿಯಿಂದ ಬಂದವರಿಗೆ ಇಲ್ಲಿನ ಉಬ್ಬರ ಸ್ವಲ್ಪ ಆಶ್ಚರ್ಯವೇ. ಮಂಗಳೂರಿನಲ್ಲಿ ದೊಡ್ಡ ಉಬ್ಬರವೆಂದರೂ ಒಂದೂವರೆ ಮೀಟರಿನ ಆಸುಪಾಸು. ಮುಂಬಯಿಯಲ್ಲಿ ಅದು 4.5 ಮೀಟರ್ ದಾಟುವ ದಿನಗಳು ಪ್ರತಿ ಮಳೆಗಾಲದಲ್ಲೂ ಇವೆ. ಚಂದ್ರ ಒಬ್ಬನೇ ಆದರೂ ಇಲ್ಲಿ ಕರಾವಳಿಯಾಚೆ ಸಮುದ್ರದ ತಳ ಬಹಳ ದೂರದವರೆಗೆ ಆಳವಿಲ್ಲದೆ ಹರಡಿದೆ, ಉತ್ತರದಲ್ಲಿ ಖಂಭಾತ್ ಕೊಲ್ಲಿ ಕಿರಿದಾಗುತ್ತಾ ಹೋಗುತ್ತದೆ. ಅಲೆ ಇಕ್ಕಟ್ಟಾದಷ್ಟು ಎತ್ತರವಾಗುತ್ತದೆ. ಆ ನೀರು ಒಂದು ಕಡೆ ಥಾಣೆ ಖಾಡಿಗೆ, ಇನ್ನೊಂದು ಕಡೆ ವಸಾಯಿಯಿಂದ ಉಲ್ಲಾಸ್ ನದಿಯ ಮುಖಾಂತರ ಮುಂಬ್ರಾ, ಡೊಂಬಿವಲಿ, ಕಲ್ಯಾಣಿನ ಕಡೆಗೆ ಏರುತ್ತದೆ. ಸಮುದ್ರ ಕಣ್ಣಿಗೇ ಕಾಣದ ಕಲ್ಯಾಣ್ ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕ್ ವ್ಯಾಪಾರಿಗಳಿಗೂ ಗೊತ್ತಿದ್ದ ಬಂದರಾಗಿತ್ತು. ಹಡಗನ್ನು ಅಷ್ಟು ಒಳಗೆ ತಂದು ಬಿಡುತ್ತಿದ್ದುದು ಈ ಉಬ್ಬರವೇ.

ಹಕ್ಕಿಗಳಿಗೂ ಈ ಟೈಮ್‌ಟೇಬಲ್ ಗೊತ್ತು. ಚಳಿಗಾಲದಲ್ಲಿ ಐರೋಲಿಯ ಕಡೆ ಖಾಡಿಯಲ್ಲಿ ನೀರಿಳಿದಾಗ ಫ್ಲೆಮಿಂಗೊಗಳು ಕೆಸರಿನಲ್ಲಿ ಮೇಯುತ್ತವೆ. ನೀರು ಏರಿ ಕೆಸರು ಮುಳುಗಿದಾಗ ನೆರೂಲ್ ಕಡೆಯ ಕೆರೆಗಳಿಗೆ ಹಾರುತ್ತವೆ. 2015ರಲ್ಲಿ ಥಾಣೆ ಖಾಡಿಯನ್ನು ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಿಸಿದರು, 2022ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು.

ಇನ್ನು ಅಪಾಯದ ಮಾತು. ಮಳೆಯ ನೀರು ಚರಂಡಿಯಿಂದ ನಾಲೆಗೆ, ನಾಲೆಯಿಂದ ಖಾಡಿಗೆ ಇಳಿಯಬೇಕು. ಖಾಡಿಯೇ ಮೇಲಿದ್ದರೆ ಎಲ್ಲಿಗೆ ಇಳಿಯುವುದು? ನೀರು ನಿಂತೇ ಇರುತ್ತದೆ, ಕೆಲವು ಕಡೆ ಹಿಂದಕ್ಕೇ ಬರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಅಂದು ಹುಣ್ಣಿಮೆ ಕಳೆದು ಐದು ದಿನವಾಗಿತ್ತು, ಉಬ್ಬರದ ಅತಿ ದೊಡ್ಡ ದಿನಗಳು ಮುಗಿದಿದ್ದವು. ಆದರೂ ಮಧ್ಯಾಹ್ನದ ಉಬ್ಬರ ಮತ್ತು ಮಳೆ ಒಟ್ಟಿಗೆ ಬಂದವು. ಮಹಾರಾಷ್ಟ್ರದಲ್ಲಿ ಆ ದಿನಗಳಲ್ಲಿ ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಕಲ್ಯಾಣ್, ಬದಲಾಪುರದವರು ಆ ರಾತ್ರಿಯನ್ನು ಇನ್ನೂ ಮರೆತಿಲ್ಲ.

ಆದರೆ ಎಲ್ಲ ನೆರೆಯನ್ನೂ ಚಂದ್ರನ ತಲೆಗೆ ಕಟ್ಟುವುದೂ ಸರಿಯಲ್ಲ. 2019ರ ಜುಲೈ 27ರಂದು ಬದಲಾಪುರ ಮತ್ತು ವಾಂಗಣಿಯ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನಲ್ಲಿ ಸಿಕ್ಕಿ ಬಿತ್ತಲ್ಲ, ಸುಮಾರು ಸಾವಿರ ಪ್ರಯಾಣಿಕರನ್ನು ದೋಣಿಗಳಲ್ಲಿ ಇಳಿಸಿದರಲ್ಲ, ಅಂದು ಚಂದ್ರ ಅಷ್ಟಮಿ ಕಳೆದ ಚಂದ್ರ. ಸಣ್ಣ ಉಬ್ಬರದ ದಿನ. ಆ ಜಾಗಕ್ಕೆ ಉಬ್ಬರ ತಲುಪುವುದೂ ಇಲ್ಲ. ಅದು ಪೂರ್ತಿ ಉಲ್ಲಾಸ್ ನದಿಯ ಮಳೆ ನೀರು. ಯಾವುದು ಚಂದ್ರನ ಪಾಲು, ಯಾವುದು ಮಳೆಯ ಪಾಲು, ಯಾವುದು ನಾವು ನಾಲೆ ಮುಚ್ಚಿ ಕಟ್ಟಿದ್ದರ ಪಾಲು ಎಂದು ಬೇರೆ ಮಾಡಿ ನೋಡುವುದೇ ತಿಳಿವಳಿಕೆ.

ನವಿ ಮುಂಬಯಿ ಕಟ್ಟಿದವರು ಈ ಲೆಕ್ಕ ಹಾಕಿಯೇ ಕಟ್ಟಿದ್ದರು. ವಾಶಿ, ನೆರೂಲ್, ಬೇಲಾಪುರದ ಬಹಳಷ್ಟು ನೆಲ ದೊಡ್ಡ ಉಬ್ಬರದ ಮಟ್ಟಕ್ಕಿಂತ ಎತ್ತರವಿಲ್ಲ. ಹಾಗಾಗಿ ಖಾಡಿಯ ಅಂಚಿನಲ್ಲಿ ದೊಡ್ಡ ದೊಡ್ಡ ಹೋಲ್ಡಿಂಗ್ ಪಾಂಡ್ ತೋಡಿದರು. ಅವುಗಳ ಬಾಯಿಗೆ ಒಂದೇ ಕಡೆ ತೆರೆಯುವ ಬಾಗಿಲು. ಉಬ್ಬರ ಬಂದಾಗ ಖಾಡಿಯ ನೀರೇ ಬಾಗಿಲನ್ನು ಒತ್ತಿ ಮುಚ್ಚುತ್ತದೆ, ಊರಿನ ಮಳೆ ನೀರು ಕೊಳದಲ್ಲಿ ತಂಗುತ್ತದೆ. ಇಳಿತ ಬಂದಾಗ ಬಾಗಿಲು ತಾನಾಗಿ ತೆರೆದು ನೀರು ಹೊರಟು ಹೋಗುತ್ತದೆ. ಕರೆಂಟ್ ಬೇಡ, ಆ ಬಾಗಿಲನ್ನು ತೆಗೆದು ಹಾಕುವವನು ಚಂದ್ರ! ಈಗ ಹಲವು ಕೊಳಗಳಲ್ಲಿ ಹೂಳು ತುಂಬಿದೆ, ಒಳಗೆ ಕಾಂಡ್ಲಾ ಗಿಡಗಳು ಬೆಳೆದಿವೆ. ಹೂಳು ತೆಗೆಯಲೂ ಬೇಕು, ಕಾನೂನು ಕಾಯುವ ಕಾಂಡ್ಲಾವನ್ನು ಉಳಿಸಲೂ ಬೇಕು. ಆ ಕೊಳ ಬರಿಯ ಗಲೀಜು ಗುಂಡಿ ಎಂದು ತಿಳಿದವನು ಅದರಲ್ಲಿ ಕಸ ಹಾಕುತ್ತಾನೆ. ಅದು ತನ್ನ ಗ್ರೌಂಡ್ ಫ್ಲೋರಿನ ಕಾವಲುಗಾರ ಎಂದು ತಿಳಿದವನು ಹಾಕಲಾರ.

ಕಾಂತತೆಯ ದಾರಿ

ಮೂರನೆಯದು ಕಣ್ಣಿಗೆ ಕಾಣದ್ದು. ಸೂರ್ಯನಿಂದ ಬೆಳಕು ಮಾತ್ರವಲ್ಲ, ವಿದ್ಯುತ್ ತುಂಬಿದ ಕಣಗಳ ಗಾಳಿಯೂ ಬೀಸುತ್ತದೆ. ಕೆಲವೊಮ್ಮೆ ಸೂರ್ಯನ ಮೇಲೆ ಸ್ಫೋಟವಾಗಿ ಕೋಟಿ ಕೋಟಿ ಟನ್ನು ಕಣಗಳು ಒಮ್ಮೆಲೇ ಹೊರಬೀಳುತ್ತವೆ. ಭೂಮಿಯ ಕಾಂತಕ್ಷೇತ್ರ ಒಂದು ಗುರಾಣಿಯ ಹಾಗೆ ಅದನ್ನು ತಡೆಯುತ್ತದೆ, ಆದರೆ ತಡೆಯುವಾಗ ತಾನೂ ಅಲ್ಲಾಡುತ್ತದೆ. ಇದೇ ಸೌರ ಬಿರುಗಾಳಿ.

ಇದುವರೆಗೆ ಅಳೆದವುಗಳಲ್ಲಿ ಅತಿ ಭಾರೀ ಬಿರುಗಾಳಿಯ ಅತ್ಯಮೂಲ್ಯ ದಾಖಲೆ ಸಿಕ್ಕಿದ್ದು ನಮ್ಮ ಈ ಮುಂಬಯಿಯಲ್ಲೇ. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಎಂಬವರು ಸೂರ್ಯನ ಕಲೆಗಳ ನಡುವೆ ಬೆಳಕಿನ ಮಿಂಚು ಕಂಡರು. ಸುಮಾರು ಹದಿನೇಳೂವರೆ ಗಂಟೆಯಲ್ಲಿ ಬಿರುಗಾಳಿ ಭೂಮಿಗೆ ಬಡಿಯಿತು. ಯುರೋಪು, ಅಮೆರಿಕದಲ್ಲಿ ಟೆಲಿಗ್ರಾಫ್ ತಂತಿಗಳು ಹುಚ್ಚು ಹಿಡಿದಂತೆ ವರ್ತಿಸಿದವು. ಆಗ ಬೋರಿ ಬಂದರಿನಿಂದ ಥಾಣೆಗೆ ರೈಲು ಓಡಲು ಶುರುವಾಗಿ ಆರೇ ವರ್ಷ. ಕೊಲಾಬಾದ ವೀಕ್ಷಣಾಲಯದಲ್ಲಿ ಕಾಂತದ ಸೂಜಿಯನ್ನು ಕಣ್ಣಿನಿಂದ ನೋಡಿ ಕೈಯಲ್ಲಿ ಬರೆಯುವ ಪದ್ಧತಿ ಇತ್ತು. ಸೂಜಿ ಅಲ್ಲಾಡತೊಡಗಿದಾಗ ಅಲ್ಲಿದ್ದವರು ಗಂಟೆಗೊಮ್ಮೆ ಬರೆಯುವುದನ್ನು ಬಿಟ್ಟು ಕೆಲವೇ ನಿಮಿಷಗಳಿಗೊಮ್ಮೆ ಬರೆದರು. ಸೆಪ್ಟೆಂಬರ್ 2ರ ಬೆಳಗ್ಗೆ ಕಾಂತಕ್ಷೇತ್ರ ಸುಮಾರು 1,600 ನ್ಯಾನೋಟೆಸ್ಲಾ ಕುಸಿದಿತ್ತು. ಇಲ್ಲಿನ ಸಮತಲ ಕಾಂತಬಲದ ಸುಮಾರು ನೂರಕ್ಕೆ ನಾಲ್ಕು ಪಾಲು.

ಆ ಅಂಕೆಗಳು ಹಳೆ ಪುಸ್ತಕದಲ್ಲಿ ಮಲಗಿದ್ದವು. 2003ರಲ್ಲಿ ಭಾರತೀಯ ಭೂಕಾಂತತ್ವ ಸಂಸ್ಥೆಯ ವಿಜ್ಞಾನಿಗಳು ವಿದೇಶಿ ಸಹೋದ್ಯೋಗಿಗಳ ಜೊತೆ ಸೇರಿ ಅದನ್ನು ಲೋಕಕ್ಕೆ ತೋರಿಸಿದರು. 1859ರ ಬಿರುಗಾಳಿ ಎಷ್ಟು ದೊಡ್ಡದಿತ್ತು ಎಂದು ಇವತ್ತು ಯಾರೇ ಲೆಕ್ಕ ಹಾಕಿದರೂ ಕೊಲಾಬಾದ ಆ ಪುಟವನ್ನು ನೋಡಲೇಬೇಕು. ಈ ಸಂಸ್ಥೆ ಇರುವುದು ನವಿ ಮುಂಬಯಿಯ ನ್ಯೂ ಪನ್ವೆಲಿನಲ್ಲಿ.

ಇನ್ನೊಂದು ಸಂಗತಿ. ಮುಂಬಯಿಯಲ್ಲಿ ವಿದ್ಯುತ್ ಟ್ರಾಮ್ ಬರುತ್ತದೆ ಎಂದಾದಾಗ ಅದರ ವಿದ್ಯುತ್ ಸೂಜಿಯನ್ನು ಕೆಡಿಸುತ್ತದೆ ಎಂದು, ಆಗಿನ ನಿರ್ದೇಶಕ ನಾನಾಭಾಯಿ ಮೂಸ್ ಅವರ ಕಾಲದಲ್ಲಿ, ವೀಕ್ಷಣಾಲಯವನ್ನು ಅಲಿಬಾಗಿಗೆ ಸಾಗಿಸಿದರು. 1904ರಿಂದ ಅಲ್ಲಿ ಅಳತೆ ಶುರು. ಕಬ್ಬಿಣ ತಾಗದ ಹಾಗೆ ಪೋರ್‌ಬಂದರ್ ಕಲ್ಲು, ತೇಗದ ಮರ, ಹಿತ್ತಾಳೆ ತಾಮ್ರದಿಂದ ಕಟ್ಟಿದ ಕಟ್ಟಡ. ಎರಡು ವರ್ಷ ಎರಡೂ ಕಡೆ ಒಟ್ಟಿಗೆ ಅಳೆದು, ಲೆಕ್ಕ ತಪ್ಪದ ಹಾಗೆ ಜೋಡಿಸಿ, ಆಮೇಲೆ ಕೊಲಾಬಾದಲ್ಲಿ ನಿಲ್ಲಿಸಿದರು. ಲೆಕ್ಕಕ್ಕೆ ಎಂಥ ಮರ್ಯಾದೆ, ನೋಡಿ.

ಈ ಬಿರುಗಾಳಿ ನೆಲದ ಮೇಲಿರುವ ಮನುಷ್ಯನ ಮೈಗೆ ಏನೂ ಮಾಡುವುದಿಲ್ಲ, ಗಾಳಿಯ ಪದರವೇ ಕಾಯುತ್ತದೆ. ತೊಂದರೆ ಆಗುವುದು ನಾವು ಕಟ್ಟಿಕೊಂಡ ತಂತಿಗೆ, ಉಪಗ್ರಹಕ್ಕೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ನಲ್ಲಿ ಸುಮಾರು 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿ ಕುಳಿತರು. 2022ರ ಫೆಬ್ರವರಿಯಲ್ಲಿ ಸ್ಟಾರ್‌ಲಿಂಕ್ ಆಗಷ್ಟೇ ಹಾರಿಸಿದ 49 ಉಪಗ್ರಹಗಳಲ್ಲಿ ಹೆಚ್ಚಿನವು ಉಬ್ಬಿದ ವಾತಾವರಣಕ್ಕೆ ಸಿಕ್ಕಿ ಉರಿದು ಹೋದವು. 2024ರ ಮೇ 10, 11ರ ಬಿರುಗಾಳಿಗೆ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿ ಕಂಡಿತು. ನಾವು ಭೂಮಧ್ಯರೇಖೆಗೆ ಹತ್ತಿರ ಇರುವುದರಿಂದ ಕ್ವಿಬೆಕ್‌ನಷ್ಟು ಅಪಾಯ ನಮಗಿಲ್ಲ. ಆದರೆ 2020ರ ಅಕ್ಟೋಬರ್ 12 ನೆನಪಿದೆಯಾ? ಮುಂಬಯಿ, ಥಾಣೆ, ನವಿ ಮುಂಬಯಿ ಕತ್ತಲಾಗಿ ಲೋಕಲ್ ರೈಲುಗಳು ನಡುದಾರಿಯಲ್ಲಿ ನಿಂತವು. ಅದಕ್ಕೂ ಸೂರ್ಯನಿಗೂ ಸಂಬಂಧವಿಲ್ಲ, ಪಡಘಾ ಮತ್ತು ಕಳ್ವಾ ನಡುವಿನ ಲೈನುಗಳು ಕೈಕೊಟ್ಟದ್ದು. ಒಂದು ಲೈನಿಗೆ ಎಷ್ಟು ಜನರ ಬದುಕು ತೂಗಿಕೊಂಡಿದೆ ಎಂದು ಅಂದು ಗೊತ್ತಾಯಿತು. ಇಸ್ರೋ 2023ರ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ಹಾರಿಸಿತು. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ ನಿಂತು ಅದು ಸೂರ್ಯನನ್ನು ನೋಡುತ್ತಿದೆ. ಆ ಜಾಗ ದಾಟಿದ ಬಿರುಗಾಳಿ ನಮಗೆ ತಲುಪಲು ಸಾಧಾರಣವಾಗಿ ಅರ್ಧದಿಂದ ಒಂದು ಗಂಟೆ. ಅಷ್ಟು ಮುನ್ನೆಚ್ಚರಿಕೆ ಸಿಕ್ಕರೂ ವಿದ್ಯುತ್ ಕೇಂದ್ರದಲ್ಲಿ ಕುಳಿತವನಿಗೆ ದೊಡ್ಡ ಉಪಕಾರ.

ಉಳಿದ ಭಯಗಳು

ಆಕಾಶದಿಂದ ಕಲ್ಲು ಬೀಳುತ್ತದೆಯೇ? ಬಿದ್ದಿದೆ. ಇದೇ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ್ ಸರೋವರ ಅಂಥ ಒಂದು ಕಲ್ಲು ಬಡಿದು ಆದ ಹೊಂಡ, ಅಗಲ ಸುಮಾರು 1.8 ಕಿಲೋಮೀಟರ್. ಆದರೆ ಅದು ಲಕ್ಷಾಂತರ ವರ್ಷಗಳ ಹಿಂದಿನ ಮಾತು. ಗ್ರಹಗಳು ಸಾಲಾಗಿ ನಿಂತರೆ ಭೂಕಂಪ ಆಗುತ್ತದೆಯೇ? ಶುಕ್ರ ಅತಿ ಹತ್ತಿರ ಬಂದಾಗಲೂ ಅದು ನಮ್ಮ ಸಮುದ್ರವನ್ನು ಉಬ್ಬಿಸುವ ಬಲ ಚಂದ್ರನ ಬಲದ ಹತ್ತು ಸಾವಿರದಲ್ಲಿ ಒಂದು ಪಾಲೂ ಇಲ್ಲ. ಉಳಿದ ಗ್ರಹಗಳದ್ದು ಅದಕ್ಕಿಂತಲೂ ಕಡಿಮೆ.

ಗ್ರಹಣದ ದಿನ ಬಸುರಿ ಹೆಣ್ಣುಮಕ್ಕಳನ್ನು ಕತ್ತಲ ಕೋಣೆಯಲ್ಲಿ ಕೂರಿಸುವುದು, ನೀರೂ ಕೊಡದಿರುವುದು ನಮ್ಮ ಮನೆಗಳಲ್ಲೂ ಇಲ್ಲದಿಲ್ಲ. ಹಿಜರಿ 10ರಲ್ಲಿ ಪ್ರವಾದಿಯವರ ಮಗು ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಆ ಸಾವಿಗಾಗಿಯೇ ಸೂರ್ಯ ಕಪ್ಪಾದ ಎಂದು ಜನ ಹೇಳತೊಡಗಿದಾಗ, ಯಾರ ಹುಟ್ಟಿಗೂ ಯಾರ ಸಾವಿಗೂ ಗ್ರಹಣ ಆಗುವುದಿಲ್ಲ ಎಂದು ಅವರೇ ತಿದ್ದಿದರು. ಸ್ವಂತ ಮಗು ಹೋದ ದುಃಖದ ನಡುವೆಯೂ ತಿದ್ದಿದರು. ನಾವು ಮಾತ್ರ ಇನ್ನೂ ಸಂಬಂಧ ಹಚ್ಚುತ್ತಿದ್ದೇವೆ. 2027ರ ಆಗಸ್ಟ್ 2ರಂದು ಮಕ್ಕಾದಲ್ಲಿ ಪೂರ್ಣ ಸೂರ್ಯಗ್ರಹಣವಿದೆ, ಪಶ್ಚಿಮ ಭಾರತದಲ್ಲಿ ಭಾಗಶಃ. ಮೋಡ ಬಿಟ್ಟರೆ ಮಕ್ಕಳಿಗೆ ಗ್ರಹಣದ ಕನ್ನಡಕ ಹಾಕಿಸಿ ತೋರಿಸಿ. ಬರಿಗಣ್ಣಿನಿಂದ ನೋಡಬಾರದು ಎಂಬುದೊಂದೇ ಅಲ್ಲಿ ನಿಜವಾದ ಅಪಾಯ.

ಈಗ ಏನು ಮಾಡಬೇಕು?

ಮಳೆಗಾಲ ಶುರುವಾಗುವ ಮೊದಲು ಆ ವರ್ಷದ ದೊಡ್ಡ ಉಬ್ಬರದ ದಿನಗಳು ಪತ್ರಿಕೆಗಳಲ್ಲಿ ಬರುತ್ತವೆ. ಆ ಪಟ್ಟಿಯನ್ನು ಕತ್ತರಿಸಿ ಕ್ಯಾಲೆಂಡರಿನ ಪಕ್ಕ ಅಂಟಿಸಿ. ಆ ದಿನಗಳಲ್ಲಿ ಭಾರೀ ಮಳೆಯ ಮುನ್ಸೂಚನೆಯೂ ಇದ್ದರೆ ಉಬ್ಬರದ ಎರಡು ಗಂಟೆ ಮೊದಲು, ಎರಡು ಗಂಟೆ ಆಮೇಲೆ ತಗ್ಗಿನ ದಾರಿ ಹಿಡಿಯಬೇಡಿ. ಗ್ರೌಂಡ್ ಫ್ಲೋರಿನಲ್ಲಿ ಇರುವವರು ರೇಷನ್, ದಾಖಲೆ ಪತ್ರ, ಮಕ್ಕಳ ಪುಸ್ತಕ ಮೇಲೆ ಎತ್ತಿಡಿ. ಗಾಡಿಯನ್ನು ಎತ್ತರದಲ್ಲಿ ನಿಲ್ಲಿಸಿ. ಖಾಡಿ ಹತ್ತಿರದ ಚಾಳಿನಲ್ಲಿ ವಯಸ್ಸಾದವರು ಒಬ್ಬರೇ ಇದ್ದರೆ ಮೊದಲೇ ಹೋಗಿ ಹೇಳಿ. ಕಾಂಡ್ಲಾ ಕಡಿಯುವುದನ್ನು, ನಾಲೆಗೆ ಡೆಬ್ರಿಸ್ ಸುರಿಯುವುದನ್ನು ಕಂಡರೆ ದೂರು ಕೊಡಿ. ನಿಮ್ಮ ವಾರ್ಡಿನ ಹೋಲ್ಡಿಂಗ್ ಪಾಂಡಿನ ಹೂಳು ಯಾವಾಗ ತೆಗೆಯುತ್ತಾರೆ ಎಂದು ಪಾಲಿಕೆಯಲ್ಲಿ ಕೇಳಿ.

ಕಾಸ್ಮಿಕ್ ಕಿರಣದ ಮೆಸೇಜ್ ಸಾವಿರ ಜನಕ್ಕೆ ಕಳಿಸುವ ಬೆರಳಿಗೆ, ನಾಳೆ ಮಧ್ಯಾಹ್ನ ಉಬ್ಬರ ಎಷ್ಟು ಗಂಟೆಗೆ, ಎಷ್ಟು ಮೀಟರ್ ಎಂದು ಕಳಿಸಲು ಕಷ್ಟವೇನಿಲ್ಲ. ಮೊದಲನೆಯದರಿಂದ ಯಾರ ಜೀವವೂ ಉಳಿದಿಲ್ಲ, ಎರಡನೆಯದರಿಂದ ಉಳಿಯಬಹುದು.